ಎಂಜಿಎಂಟಿ

ಎಂಜಿಎಂಟಿ (ಪೂರ್ಣ ಹೆಸರು: ಓ6-ಮೀಥೈಲ್‌ಗ್ವಾನೀನ್-ಡಿಎನ್‌ಎ ಮೀಥೈಲ್‌ಟ್ರಾನ್ಸ್‌ಫರೇಸ್) ಡಿಎನ್‌ಎಯ ಒಂದು ನಿರ್ದಿಷ್ಟ ಬಗೆಯ ಹಾನಿಯನ್ನು ಸರಿಪಡಿಸುವ ಪ್ರೋಟೀನು. ಮನುಷ್ಯರಲ್ಲಿ ಇದರ ಜೀನ್ 10ನೆಯ ವರ್ಣತಂತುವಿನಲ್ಲಿದೆ. ಪ್ರೋಟೀನಿನಲ್ಲಿ 207 ಅಮೈನೋ ಆಮ್ಲಗಳಿವೆ. ಒಮ್ಮೆ ಕೆಲಸ ಮಾಡಿದ ಅಣು ಮತ್ತೆ ಬಳಕೆಗೆ ಬಾರದೆ ಜೀವಕೋಶದೊಳಗೇ ವಿಘಟನೆಗೊಳ್ಳುವುದರಿಂದ ಇದನ್ನು 'ಆತ್ಮಹತ್ಯಾ ಕಿಣ್ವ' ಎಂದು ಕರೆಯುವ ರೂಢಿಯಿದೆ. ಕಿಣ್ವವು ಕ್ರಿಯೆಯ ಕೊನೆಯಲ್ಲಿ ಬದಲಾಗದೆ ಉಳಿಯಬೇಕೆಂಬ ಲಕ್ಷಣವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಇದನ್ನು ಕಿಣ್ವವೆನ್ನುವುದೂ ಅಷ್ಟು ಸರಿಯಲ್ಲ.

ಕಾರ್ಯವಿಧಾನ

ಕೆಲವು ರಾಸಾಯನಿಕಗಳು ಡಿಎನ್‌ಎಯಲ್ಲಿರುವ ಗ್ವಾನೀನಿನ ಆರನೆಯ ಸ್ಥಾನದ ಆಮ್ಲಜನಕಕ್ಕೆ ಮೀಥೈಲ್ ಗುಂಪನ್ನು ಅಂಟಿಸುತ್ತವೆ. ಹೀಗೆ ಬದಲಾದ ಗ್ವಾನೀನ್, ಸೈಟೊಸಿನ್‌ನ ಬದಲು ಥೈಮೀನ್‌ನೊಡನೆ ಜೋಡಿಯಾಗುವುದರಿಂದ ಉತ್ಪರಿವರ್ತನೆ ಉಂಟಾಗುತ್ತದೆ. ಎಂಜಿಎಂಟಿ ಆ ಗುಂಪನ್ನು ಕಿತ್ತು ತನ್ನ 145ನೆಯ ಸ್ಥಾನದ ಸಿಸ್ಟೀನ್‌ಗೆ ವರ್ಗಾಯಿಸಿಕೊಳ್ಳುತ್ತದೆ. ಗ್ವಾನೀನ್ ಮೊದಲಿನಂತಾಗುತ್ತದೆ, ಆದರೆ ಸಿಸ್ಟೀನ್‌ಗೆ ಸೇರಿದ ಗುಂಪು ಮತ್ತೆ ಬಿಡುವುದಿಲ್ಲ. ಒಂದು ಹಾನಿಗೆ ಒಂದು ಅಣು ವ್ಯಯವಾಗುತ್ತದೆ. ಆದ್ದರಿಂದ ಜೀವಕೋಶದ ದುರಸ್ತಿ ಸಾಮರ್ಥ್ಯವು ಅದರಲ್ಲಿರುವ ಎಂಜಿಎಂಟಿ ಅಣುಗಳ ಸಂಖ್ಯೆ ಹಾಗೂ ಹೊಸ ಅಣುಗಳು ತಯಾರಾಗುವ ವೇಗವನ್ನು ಅವಲಂಬಿಸಿದೆ.

ವಿಘಟನೆ

ಮೀಥೈಲ್ ಗುಂಪು ಸೇರಿದೊಡನೆ ಪ್ರೋಟೀನಿನ ರಚನೆ ಅಸ್ಥಿರವಾಗುತ್ತದೆ. ಈ ಬದಲಾವಣೆಯೇ ವಿಘಟನೆಗೆ ಸೂಚನೆ. ಬಳಕೆಯಾದ ಅಣುವಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಜೋಡಣೆಯಾಗುತ್ತದೆ. ಆ ಗುರುತನ್ನು ಹೊತ್ತ ಅಣುವನ್ನು ಪ್ರೋಟಿಯಾಸೋಮ್ ತುಂಡರಿಸುತ್ತದೆ. ಬಳಕೆಯಾಗದ ಅಣುಗಳು ಇದಕ್ಕಿಂತ ಬಹುಕಾಲ ಉಳಿಯುತ್ತವೆ. ಅಂದರೆ ವಿಘಟನೆಯ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಹಾನಿಯ ಪ್ರಮಾಣವೇ. ಈ.ಕೋಲೈ ಬ್ಯಾಕ್ಟೀರಿಯಾದಲ್ಲಿ ಇದೇ ಬಗೆಯ ಕೆಲಸ ಮಾಡುವ ಅಡಾ ಪ್ರೋಟೀನಿನ ರೀತಿ ಬೇರೆ: ಮೀಥೈಲ್ ಗುಂಪನ್ನು ಪಡೆದ ಅಡಾ, ದುರಸ್ತಿ ಜೀನ್‌ಗಳನ್ನು ಚುರುಕುಗೊಳಿಸುತ್ತದೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ

ಮೆದುಳಿನ ಗ್ಲಿಯೊಬ್ಲಾಸ್ಟೊಮ ಗಡ್ಡೆಗೆ ನೀಡುವ ಟೆಮೊಜೊಲೊಮೈಡ್ ಔಷಧವು ಇದೇ ಹಾನಿಯ ಮೂಲಕ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಎಂಜಿಎಂಟಿ ಹೇರಳವಾಗಿದ್ದರೆ ಔಷಧದ ಪರಿಣಾಮ ಅಳಿಸಿಹೋಗುತ್ತದೆ. ಕೆಲವು ಗಡ್ಡೆಗಳಲ್ಲಿ ಎಂಜಿಎಂಟಿ ಜೀನಿನ ಪ್ರವರ್ತಕ ಭಾಗವೇ ಮೀಥೈಲೀಕರಣಗೊಂಡು (ಇದು ಔಷಧದಿಂದಾದುದಲ್ಲ) ಪ್ರೋಟೀನಿನ ತಯಾರಿಕೆ ನಿಂತಿರುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂಥ ರೋಗಿಗಳ ಮಧ್ಯಕ ಬದುಕುಳಿವು ವಿಕಿರಣ ಚಿಕಿತ್ಸೆಯೊಂದರಿಂದ 15.3 ತಿಂಗಳಿದ್ದರೆ, ಟೆಮೊಜೊಲೊಮೈಡ್ ಸೇರಿಸಿದಾಗ 21.7 ತಿಂಗಳಾಗಿತ್ತು. ಜೀನ್ ಸಕ್ರಿಯವಾಗಿದ್ದವರಲ್ಲಿ ಈ ವ್ಯತ್ಯಾಸ ಅತ್ಯಲ್ಪ.

ವಿಘಟನೆಯನ್ನೇ ಬಳಸಿಕೊಳ್ಳುವ ಪ್ರಯತ್ನವೂ ನಡೆದಿದೆ. ಓ6-ಬೆಂಜೈಲ್‌ಗ್ವಾನೀನ್ ಎಂಬ ಸಂಯುಕ್ತವನ್ನು ಹಾನಿಗೊಂಡ ಗ್ವಾನೀನೆಂದು ಭ್ರಮಿಸಿ ಎಂಜಿಎಂಟಿ ಅದರ ಬೆಂಜೈಲ್ ಗುಂಪನ್ನು ತನಗೆ ವರ್ಗಾಯಿಸಿಕೊಂಡು ನಾಶವಾಗುತ್ತದೆ. ಗಡ್ಡೆ ರಕ್ಷಣೆ ಕಳೆದುಕೊಳ್ಳುತ್ತದೆ. ಆದರೆ ಅಸ್ಥಿಮಜ್ಜೆಯ ಕೋಶಗಳೂ ಅದೇ ರಕ್ಷಣೆಯನ್ನು ಕಳೆದುಕೊಳ್ಳುವುದರಿಂದ ರಕ್ತಕಣಗಳ ಸಂಖ್ಯೆ ಕುಸಿದು, ಮುಖ್ಯ ಔಷಧದ ಪ್ರಮಾಣವನ್ನೇ ತಗ್ಗಿಸಬೇಕಾಯಿತು.