ಪಟ್ಟಿಯ ಎರಡೂ ತುದಿಯಲ್ಲಿ ಸಣ್ಣ ಶಾಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಎರಡು ಲೆಕ್ಕ ಸುದ್ದಿಯಾಗುತ್ತವೆ: ನೂರಕ್ಕೆ ನೂರು ಫಲಿತಾಂಶ ಬಂದ ಶಾಲೆಗಳೆಷ್ಟು, ಒಬ್ಬರೂ ತೇರ್ಗಡೆಯಾಗದ ಶಾಲೆಗಳೆಷ್ಟು. ಮೊದಲನೆಯವಕ್ಕೆ ಅಭಿನಂದನೆ, ಎರಡನೆಯವಕ್ಕೆ ಕಾರಣ ಕೇಳಿ ನೋಟಿಸ್. ಪರೀಕ್ಷೆಗೆ ಎಷ್ಟು ಮಕ್ಕಳು ಕೂತಿದ್ದರು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಅದು ಗೊತ್ತಿಲ್ಲದೆ ಬರೀ ಶೇಕಡಾವಾರು ಹಿಡಿದು ಶಾಲೆಯನ್ನು ಅಳೆಯಲು ಹೊರಟರೆ, ಬೋಧನೆಯ ಬದಲು ಅದೃಷ್ಟವನ್ನು ಅಳೆದು ಕೂರುತ್ತೇವೆ.

ಒಂದು ಲೆಕ್ಕ ಮಾಡಿ ನೋಡೋಣ. ಎಲ್ಲ ಶಾಲೆಗಳ ಪಾಠವೂ ಒಂದೇ ಮಟ್ಟದ್ದು, ಪ್ರತಿ ಮಗುವಿಗೂ ತೇರ್ಗಡೆಯಾಗುವ ಸಾಧ್ಯತೆ ಶೇ 80 ಎಂದುಕೊಳ್ಳಿ. ಎಂಟೇ ಮಕ್ಕಳಿರುವ ಶಾಲೆಯಲ್ಲಿ ಎಲ್ಲರೂ ತೇರ್ಗಡೆಯಾಗುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ಇಂಥ 600 ಶಾಲೆಗಳಿದ್ದರೆ ಸುಮಾರು 100 ಶಾಲೆಗಳು ಯಾವ ವಿಶೇಷ ಸಾಧನೆಯೂ ಇಲ್ಲದೆ ಅಭಿನಂದನೆಯ ಪಟ್ಟಿಗೆ ಸೇರುತ್ತವೆ. ಅದೇ ಗುಣಮಟ್ಟದ, 100 ಮಕ್ಕಳ ಶಾಲೆಗೆ ಆ ಭಾಗ್ಯ ಒದಗುವುದು ಸುಮಾರು 500 ಕೋಟಿಯಲ್ಲಿ ಒಂದು ಸಲ. ಅತ್ತ ಇಬ್ಬರೇ ಮಕ್ಕಳಿರುವಲ್ಲಿ ಶೂನ್ಯ ಫಲಿತಾಂಶದ ಸಾಧ್ಯತೆ 25ರಲ್ಲಿ ಒಂದು. ಸಂಖ್ಯೆ ಚಿಕ್ಕದಾದಷ್ಟೂ ಸರಾಸರಿಯ ಏರುಪೇರು ಹೆಚ್ಚು. ಸಂಖ್ಯೆ ನಾಲ್ಕು ಪಟ್ಟಾದರೆ ಏರುಪೇರು ಅರ್ಧಕ್ಕಿಳಿಯುತ್ತದೆ. ಈ ವರ್ಗಮೂಲದ ನಿಯಮವನ್ನು ಗಣಿತಜ್ಞ ಅಬ್ರಹಾಮ್ ದ ಮ್ವಾವ್ರ 1730ರಲ್ಲೇ ಬರೆದಿಟ್ಟಿದ್ದ.

ಬರೆದಿಟ್ಟಿದ್ದರೂ ಅಮೆರಿಕದಲ್ಲಿ ಅದನ್ನು ಮರೆತವರಿದ್ದರು. ಉತ್ತಮ ಶಾಲೆಗಳ ಪಟ್ಟಿಯಲ್ಲಿ ಸಣ್ಣ ಶಾಲೆಗಳೇ ಹೆಚ್ಚೆಂದು ಕಂಡು, ದೊಡ್ಡ ಪ್ರೌಢಶಾಲೆಗಳನ್ನು ಒಡೆದು ಸಣ್ಣದಾಗಿಸುವ ಚಳವಳಿಯೇ ಅಲ್ಲಿ ನಡೆಯಿತು; ಗೇಟ್ಸ್ ಪ್ರತಿಷ್ಠಾನ ಅದಕ್ಕೆ ಅಪಾರ ಹಣ ಸುರಿಯಿತು. ಸಂಖ್ಯಾಶಾಸ್ತ್ರಜ್ಞ ಹೊವರ್ಡ್ ವೇನರ್ ಮತ್ತು ಹ್ಯಾರಿಸ್ ಜ್ವೆರ್ಲಿಂಗ್ ಪೆನ್ಸಿಲ್ವೇನಿಯಾದ 1,662 ಶಾಲೆಗಳ ಅಂಕಗಳನ್ನು ಕೆದಕಿದರು. ಅತ್ಯುತ್ತಮ 50 ಶಾಲೆಗಳಲ್ಲಿ 6 ಶಾಲೆಗಳು ಅತಿ ಸಣ್ಣ 50ರ ಗುಂಪಿನವು. ಗಾತ್ರಕ್ಕೂ ಅಂಕಕ್ಕೂ ಸಂಬಂಧವಿಲ್ಲದಿದ್ದರೆ ಒಂದೋ ಎರಡೋ ಇರಬೇಕಿತ್ತು. ಚಳವಳಿಗಾರರು ಕಂಡದ್ದು ಇಷ್ಟೇ. ಆದರೆ ಪಟ್ಟಿಯ ತಳದ 50ರಲ್ಲೂ ಅಂಥ 9 ಶಾಲೆಗಳಿದ್ದವು! ಅಷ್ಟು ಹಣ ಖರ್ಚು ಮಾಡುವ ಮೊದಲು ಯಾರಾದರೂ ಪಟ್ಟಿಯನ್ನು ಕೊನೆಯವರೆಗೆ ಓದಬಹುದಿತ್ತು.

ಸಣ್ಣ ಶಾಲೆಯಲ್ಲಿ ಮೇಷ್ಟ್ರಿಗೆ ಪ್ರತಿ ಮಗುವಿನ ಪರಿಚಯವಿರುತ್ತದೆ, ಅದರಿಂದ ಲಾಭವೇ ಇಲ್ಲವೇ ಎಂದು ಕೇಳಬಹುದು. ಇರಬಹುದು, ಅದಕ್ಕೆ ಪುರಾವೆಯೂ ಇದೆ. ನ್ಯೂಯಾರ್ಕ್ ನಗರದ ಕೆಲವು ಸಣ್ಣ ಪ್ರೌಢಶಾಲೆಗಳಿಗೆ ಅರ್ಜಿಗಳು ಹೆಚ್ಚಾದಾಗ ಲಾಟರಿ ಮೂಲಕ ಸೀಟು ಹಂಚಲಾಗಿತ್ತು. ಸೀಟು ಸಿಕ್ಕಿದವರನ್ನೂ ಸಿಗದವರನ್ನೂ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಹೋಲಿಸಿ 2010ರಲ್ಲಿ ವರದಿ ಕೊಟ್ಟಿತು. ಸಣ್ಣ ಶಾಲೆಗೆ ಹೋದವರಲ್ಲಿ ನಾಲ್ಕೇ ವರ್ಷದಲ್ಲಿ ಪ್ರೌಢಶಾಲೆ ಮುಗಿಸಿದವರ ಪ್ರಮಾಣ ಸುಮಾರು 7 ಶೇಕಡಾಂಶ ಹೆಚ್ಚಿತ್ತು. ಇಲ್ಲಿ ಎರಡೂ ಗುಂಪಿನ ಮಕ್ಕಳು ಒಂದೇ ಬಗೆಯವರು, ಅವರನ್ನು ಬೇರೆ ಮಾಡಿದ್ದು ಲಾಟರಿ ಮಾತ್ರ. ಹಾಗಾಗಿ ಈ ತೀರ್ಮಾನವನ್ನು ನಂಬಬಹುದು. ಪಟ್ಟಿಯ ತುದಿ ನೋಡಿ ಇದೇ ತೀರ್ಮಾನಕ್ಕೆ ಬಂದಿದ್ದರೆ ಅದು ಊಹೆಯಷ್ಟೇ ಆಗುತ್ತಿತ್ತು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮಕ್ಕಳು ಚಿಮ್ಮಿದ ನಾಣ್ಯಗಳಲ್ಲ. ಗಣಿತದ ಮೇಷ್ಟ್ರ ಹುದ್ದೆ ಖಾಲಿಯಿದ್ದರೆ ಇಡೀ ತರಗತಿ ಒಟ್ಟಿಗೆ ಸೋಲುತ್ತದೆ. ಒಪ್ಪಿದೆ. ಆದರೆ ಅಂಥ ಕಾರಣವನ್ನು ಹಿಡಿಯುವುದಕ್ಕೂ ಅದೃಷ್ಟದ ಲೆಕ್ಕವೇ ಬೇಕು. 40 ಮಕ್ಕಳ ಶಾಲೆಯಲ್ಲಿ ಎಲ್ಲರೂ ಅನುತ್ತೀರ್ಣರಾದರೆ ಅದು ಆಕಸ್ಮಿಕವಲ್ಲ, ಅಧಿಕಾರಿಗಳು ಅಂದೇ ಹೊರಡಬೇಕು. ಇಬ್ಬರು ಮಕ್ಕಳ ಶಾಲೆಗೂ ಅದೇ ನೋಟಿಸ್ ಹೋದರೆ, ಮರುವರ್ಷ ಫಲಿತಾಂಶ ತಾನಾಗಿಯೇ ಮೇಲೇರುತ್ತದೆ, ಕೀರ್ತಿ ನೋಟಿಸಿಗೆ ಸಲ್ಲುತ್ತದೆ.

ಪರಿಹಾರ ಕಷ್ಟದ್ದಲ್ಲ. ಮೂರು ವರ್ಷದ ಮಕ್ಕಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ, ಆ ಕಾಲ್ಪನಿಕ 600 ಶಾಲೆಗಳಲ್ಲಿ ಬರೀ ಅದೃಷ್ಟದಿಂದ ನೂರಕ್ಕೆ ನೂರು ಉಳಿಸಿಕೊಳ್ಳುವವು ಮೂರೇ. ಒಂದು ಎಚ್ಚರ ಬೇಕು: ವರ್ಷದಿಂದ ವರ್ಷಕ್ಕೆ ಅಳತೆಗೋಲೂ ಬದಲಾಗುತ್ತದೆ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿಯೂ ಶೇ 73.40ಕ್ಕೆ ಇಳಿಯಿತು. ಆದ್ದರಿಂದ ಒಂದು ಶಾಲೆಯ ಫಲಿತಾಂಶವನ್ನು ಅದರದೇ ಹಿಂದಿನ ವರ್ಷದ ಜೊತೆ ಇಡುವುದಕ್ಕಿಂತ, ಆಯಾ ವರ್ಷದ ರಾಜ್ಯ ಸರಾಸರಿಯ ಪಕ್ಕದಲ್ಲಿಟ್ಟು, ಪರೀಕ್ಷೆ ಬರೆದವರ ಸಂಖ್ಯೆಯ ಸಮೇತ ಪ್ರಕಟಿಸುವುದು ಮೇಲು.