ಕೇಪಿನ ಕೋವಿಗೆ ವಾರಸುದಾರರು ಬೇಕಾಗಿದ್ದಾರೆ

ನಮ್ಮ ಮಾವ ನನಗೆ ಕೋವಿ ತುಂಬಿಸಲು ಕಲಿಸಿದ್ದು ಕತ್ತಲಲ್ಲಿ. ಮದ್ದಿನ ಡಬ್ಬಿ ತೆರೆದಿರುವಾಗ ಹತ್ತಿರ ದೀಪ ಇರಬಾರದು ಎಂಬುದು ಅವರ ಮೊದಲ ನಿಯಮ. ಹಂದಿ ಬರುವುದೂ ಕತ್ತಲಲ್ಲೇ ತಾನೆ ಎಂಬುದು ಎರಡನೆಯದು. ಜಗಲಿಯ ಮೆಟ್ಟಿಲಲ್ಲಿ ಕೂತು, ಕೋವಿಯ ಹಿಡಿಯನ್ನು ನೆಲಕ್ಕೂರಿ, ನಳಿಗೆಯ ಬಾಯಿಗೆ ಮದ್ದು ಸುರಿದರು. ತೆಂಗಿನ ನಾರಿನ ಉಂಡೆ ತುರುಕಿ, ಗಜದ ಕೋಲು ಇಳಿಸಿ ಜಡಿಯತೊಡಗಿದರು. ಮೊದಮೊದಲು ಸದ್ದು ಮೆತ್ತಗೆ, ಅವಲಕ್ಕಿ ಕುಟ್ಟಿದ ಹಾಗೆ, ಧಪ್ ಧಪ್. ಹತ್ತು ಹನ್ನೆರಡು ಸಲ ಆದ ಮೇಲೆ ಗಜ ತಾನಾಗಿಯೇ ಮೇಲಕ್ಕೆ ಪುಟಿದು ‘ಟಣ್’ ಎಂದಿತು. “ಕೇಳಿತಾ? ಈಗ ಕೂತಿತು. ಇದು ಕೇಳುವವರೆಗೆ ಕೇಪಿನ ಡಬ್ಬಿಗೆ ಕೈಹಾಕಬಾರದು” ಎಂದರು.

ನಾನು ಬಂಟ್ವಾಳ ತಾಲೂಕಿನ ವಿಟ್ಲ ಬದಿಯವಳು. ಮದುವೆಯಾಗಿ ಬಂದದ್ದು ಬೆಳ್ತಂಗಡಿಗೆ, ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಕಾಣುವ ಊರಿಗೆ. ಅಕ್ಕನನ್ನು ಕೊಟ್ಟದ್ದು ಮೂಡುಬಿದಿರೆಗೆ. ಮೂರೂ ಮನೆಗಳಲ್ಲಿ ಒಂದೊಂದು ಕೇಪಿನ ಕೋವಿ ಇತ್ತು. ಈಗ ಉಳಿದಿರುವುದು ನನ್ನ ಹೆಸರಿನಲ್ಲಿರುವ ಒಂದೇ. ಕಳೆದ ಸಲ ಲೈಸೆನ್ಸ್ ನವೀಕರಣಕ್ಕೆ ಹೋಗಿದ್ದಾಗ ಸಾಲಿನಲ್ಲಿ ನಿಂತವರನ್ನು ಎಣಿಸಿದೆ. ನನಗೆ ಐವತ್ತು, ಅಲ್ಲಿ ನಾನೇ ಕಿರಿಯಳು.

ಹುಡುಗರು ಯಾಕೆ ಕೋವಿ ಹಿಡಿಯುವುದಿಲ್ಲ ಎಂದು ಕೇಳಿದರೆ ಊರಿನಲ್ಲಿ ಸಿದ್ಧ ಉತ್ತರವಿದೆ: “ಅವಕ್ಕೆ ಮೊಬೈಲ್ ಸಾಕು.” ನನಗೆ ಈ ಮಾತು ಒಪ್ಪಿಗೆಯಿಲ್ಲ. ಮೂರು ಮನೆಯ ಕಥೆ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಮಸಿ, ಗಜ, ಕೇಪು

ಮೊದಲು ವಸ್ತುವಿನ ಪರಿಚಯ. ತುಳುವಿನಲ್ಲಿ ಕೋವಿಗೂ ಜಾತ್ರೆಯ ಸುಡುಮದ್ದಿಗೂ ಒಂದೇ ಹೆಸರು, ಬೆಡಿ. ಎರಡರ ಹೊಟ್ಟೆಯೊಳಗೂ ಇರುವುದು ಒಂದೇ ಕರಿಮದ್ದು: ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ತೋಟೆ ಕೋವಿಯಲ್ಲಿ ಮದ್ದು, ಚರೆ, ಕಿಡಿ ಎಲ್ಲವೂ ಒಂದೇ ತೋಟೆಯೊಳಗೆ ಅಡಕವಾಗಿ ಬರುತ್ತದೆ. ಮಡಚಿ, ಇಟ್ಟು, ಹೊಡೆದರಾಯಿತು. ಕೇಪಿನ ಕೋವಿಯಲ್ಲಿ ಎಲ್ಲವನ್ನೂ ಬಾಯಿಯಿಂದ ಬೇರೆ ಬೇರೆಯಾಗಿ ತುಂಬಬೇಕು. ಕೊನೆಗೆ ಹಿಂದಿನ ತೊಟ್ಟಿನ ಮೇಲೆ ತಾಮ್ರದ ಪುಟ್ಟ ಟೋಪಿ ಕೂರಿಸಬೇಕು. ಅದೇ ಕೇಪು. ಸರಕಾರಿ ಕಾಗದದಲ್ಲಿ ಇದರ ಹೆಸರು ‘ಎಸ್.ಬಿ.ಎಂ.ಎಲ್.’ ಒಂಟಿ ನಳಿಗೆ, ಬಾಯಿಯಿಂದ ತುಂಬುವಂಥದ್ದು ಎಂದು ಅರ್ಥ.

ಈ ಕೇಪಿನ ಮೂಲಪುರುಷ ಒಬ್ಬ ಪಾದ್ರಿ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್‌ಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಕೋವಿಯಲ್ಲಿ ಮದ್ದು ಮೊದಲು ಹೊರಗೆ ಭಗ್ಗೆಂದು, ಆಮೇಲೆ ಗುಂಡು ಹೊರಡುತ್ತಿತ್ತು. ಅಷ್ಟರಲ್ಲಿ ಹಕ್ಕಿ ಹಾರಿ ಹೋಗುತ್ತಿತ್ತು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕದಿಂದ ಕಿಡಿ ಹುಟ್ಟಿಸುವ ಉಪಾಯಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಅದು ಕೇಪಾಯಿತು.

ಹೊಡೆದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ನಳಿಗೆಯೊಳಗೆ ಅಂಟಿದ ಆ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಒಂದೇ ಗುಂಡು ಹೊಡೆದರೂ ಅದೇ ದಿನ ಬಿಸಿನೀರು ಕಾಯಿಸಿ, ನಳಿಗೆಗೆ ಎರೆದು, ಗಜಕ್ಕೆ ಬಟ್ಟೆ ಸುತ್ತಿ ತಿಕ್ಕಿ, ಒಣಗಿಸಿ ಎಣ್ಣೆ ಹಚ್ಚಬೇಕು. ಮೊದಲ ನೀರು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಅತ್ತೆ ಇದಕ್ಕೆಂದೇ ಒಂದು ಹಳೆಯ ಕೆಟಲ್ ಬೇರೆ ಇಟ್ಟಿದ್ದರು; ಅಡುಗೆಮನೆಯ ಪಾತ್ರೆಗೆ ಕೋವಿಯ ವಾಸನೆ ಬಂದರೆ ಮಾವನಿಗೂ ಅವರಿಗೂ ಎರಡು ದಿನ ಮಾತಿಲ್ಲ.

ತುಕ್ಕು ಹಿಡಿದದ್ದು

ನಮ್ಮ ತವರಿನ ಕೋವಿ ಹೋದದ್ದು ಈ ತುಕ್ಕಿನಿಂದಲೇ. ಚುನಾವಣೆ ಘೋಷಣೆಯಾದರೆ ಸಾಕು, ಲೈಸೆನ್ಸ್ ಇರುವವರು ಕೋವಿಯನ್ನು ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡೂ ಬೇಸಗೆಯಲ್ಲಿ. ಮಂಗಗಳು ತೋಟಕ್ಕಿಳಿದು ಸೀಯಾಳ ಕೆಡವುವ, ಹಂದಿ ಬಾಳೆಯ ಬುಡ ಅಗೆಯುವ ಹೊತ್ತಿಗೆ ಕೋವಿ ಬೇರೆಲ್ಲೋ ಕೂತಿರುತ್ತದೆ. ಎರಡನೆಯ ಸಲ ಮರಳಿ ತಂದಾಗ ನಳಿಗೆಯೊಳಗೆ ಕೆಂಪು ಹುಡಿ. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ, ಏನೂ ಮಾತಾಡಲಿಲ್ಲ. ಮುಂದಿನ ತಿಂಗಳು ಕೋವಿಯನ್ನೂ ಲೈಸೆನ್ಸ್ ಪುಸ್ತಕವನ್ನೂ ಒಪ್ಪಿಸಿ ಬಂದ. ಅವನ ಇಬ್ಬರು ಗಂಡುಮಕ್ಕಳಲ್ಲಿ ಯಾರೂ “ಬೇಡ ಅಪ್ಪ, ನಾನು ನೋಡಿಕೊಳ್ಳುತ್ತೇನೆ” ಎನ್ನಲಿಲ್ಲ. ಒಬ್ಬ ಸುರತ್ಕಲ್‌ನಲ್ಲಿ ಪಾಳಿ ಕೆಲಸದಲ್ಲಿದ್ದಾನೆ, ಇನ್ನೊಬ್ಬ ಮಸ್ಕತ್ತಿನಲ್ಲಿ. ಯಾವ ರಾತ್ರಿ ಮನೆಯಲ್ಲಿ ಮಲಗುತ್ತೇನೆಂದು ಹೇಳಲಾಗದವನು ಕೋವಿಯ ಜವಾಬ್ದಾರಿ ಹೊರುವುದಾದರೂ ಹೇಗೆ?

ಇದೇ ಬಂಟ್ವಾಳದ ದಾರಿಯಲ್ಲಿ 1837ರಲ್ಲಿ ಸುಳ್ಯದಿಂದ ಹೊರಟ ರೈತರ ದಂಡು ನಡೆದುಹೋಗಿತ್ತು. ಬ್ರಿಟಿಷರ ಕೈಯಿಂದ ಮಂಗಳೂರು ಹಿಡಿದು, ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿ, 13 ದಿನ ಆಳಿದವರು ಅವರು. ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದು ಕೋವಿಗೆ ಕಾಗದ ಬೇಕಾಯಿತು. ರೈತನ ಕೈಯ ಕೋವಿಯೆಂದರೆ ಸರಕಾರಕ್ಕೆ ಆಗಲೂ ಸಂಶಯ, ಈಗಲೂ ಸಂಶಯ.

ಕಾಗದ ಮೊದಲು, ಕಲಿಕೆ ಆಮೇಲೆ

ನಿಜ ಹೇಳಬೇಕೆಂದರೆ ಕಾನೂನು ಕೇಪಿನ ಕೋವಿಯ ಮೇಲೆ ಕರುಣೆಯಿಂದಲೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು, ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕಿದ್ದರೆ ಬಾಯಿಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಎಂದೇ ಹೇಳುತ್ತದೆ. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರನಿಗೆ 70 ತುಂಬಿದರೆ ಅಥವಾ ಕೋವಿ 25 ವರ್ಷ ಅವನ ಬಳಿ ಇದ್ದರೆ, ಬದುಕಿರುವಾಗಲೇ ಅದನ್ನು ಮನೆಯವರಿಗೆ ವರ್ಗಾಯಿಸಬಹುದು. ನಮ್ಮ ಮನೆಯಲ್ಲಿ ಹಾಗೇ ಆಯಿತು. ಮಾವನಿಗೆ ಕಣ್ಣು ಮಂಜಾಯಿತು, ಗಂಡನಿಗೆ ಮಂಗಳೂರಿನಲ್ಲಿ ಕೆಲಸ. ತೋಟದ ಕೆಲಸಕ್ಕೂ ರಾತ್ರಿಯ ನಾಯಿ ಬೊಗಳಿಗೂ ಏಳುವವಳು ನಾನು. “ಹಾಗಾದರೆ ಕೋವಿ ಅವಳ ಹೆಸರಿಗೇ ಆಗಲಿ” ಎಂದರು ಮಾವ.

ಆಮೇಲೆ ಶುರುವಾಯಿತು ಓಡಾಟ. ಆರ್‌ಟಿಸಿ, ಪೊಲೀಸ್ ವರದಿ, ದೇಹವೂ ಮನಸ್ಸೂ ಸರಿಯಿದೆಯೆಂದು ವೈದ್ಯರ ಪತ್ರ, ಮನೆಯವರೆಲ್ಲರ ಒಪ್ಪಿಗೆ, ಯುಐಎನ್ ಎಂಬ ಗುರುತಿನ ಸಂಖ್ಯೆ, ಬಂದೂಕು ತರಬೇತಿಯ ಪ್ರಮಾಣಪತ್ರ. ತರಬೇತಿ ಶಿಬಿರದಲ್ಲಿ ನನ್ನ ಕೈಗೆ ಕೊಟ್ಟದ್ದು ರೈಫಲ್. ಮಲಗಿ, ಉಸಿರು ಹಿಡಿದು, ದೂರದ ಕಾಗದಕ್ಕೆ ಹೊಡೆದೆ. ಪರವಾಗಿಲ್ಲ ಎನ್ನುವಷ್ಟು ಅಂಕ ಬಂತು. ಮದ್ದು ಎಷ್ಟು ಒಣಗಿರಬೇಕು, ಕೇಪು ಬರೀ ‘ಟಿಕ್’ ಎಂದರೆ ಎಷ್ಟು ಹೊತ್ತು ನಳಿಗೆಯನ್ನು ಆಚೆ ತಿರುಗಿಸಿ ಕಾಯಬೇಕು, ತುಂಬಿಸಿಟ್ಟ ಕೋವಿಯನ್ನು ಖಾಲಿ ಕೋವಿಯಿಂದ ಹೇಗೆ ಗುರುತಿಸಬೇಕು ಎಂಬುದನ್ನೆಲ್ಲ ಅಲ್ಲಿ ಯಾರೂ ಹೇಳಲಿಲ್ಲ. ಅದೆಲ್ಲ ಮಾವನ ಜಗಲಿಯ ಪಾಠ. ಗಜವನ್ನು ನಳಿಗೆಗೆ ಇಳಿಸಿ ಹೊರಗೆ ಎಷ್ಟು ಉಳಿಯಿತೆಂದು ನೋಡು, ನಾಲ್ಕು ಬೆರಳು ಹೆಚ್ಚಿದ್ದರೆ ಒಳಗೆ ಮದ್ದಿದೆ ಎಂದು ತಿಳಿ ಎಂದದ್ದು ಅವರೇ.

ನನ್ನ ಪ್ರಕಾರ ಗಂಟು ಇರುವುದು ಇಲ್ಲಿ. ಮಾವ ಕಲಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಅವರಪ್ಪನ ಹಿಂದೆ ಗಜ ಹೊತ್ತುಕೊಂಡು ನಡೆದು. ಕೆಡ್ಡಸ ಹಬ್ಬದ ಬೋಂಟೆಗೆ, ಅಂದರೆ ಬೇಟೆಗೆ, ಊರಿಗೆ ಊರೇ ಕಾಡು ಹತ್ತುತ್ತಿದ್ದ ಕಾಲ ಅದು. ಈಗ ಪುಸ್ತಕದಲ್ಲಿ ಹೆಸರಿಲ್ಲದವರ ಕೈಗೆ ಕೋವಿ ಕೊಡುವಂತಿಲ್ಲ, 21 ತುಂಬದೆ ಪುಸ್ತಕದಲ್ಲಿ ಹೆಸರು ಬರುವಂತಿಲ್ಲ. ಅದು ಸರಿಯೇ, ಮಕ್ಕಳ ಕೈಯಲ್ಲಿ ಕೋವಿ ಬೇಡ. ಆದರೆ 21ಕ್ಕೆ ನಮ್ಮ ಕಡೆಯ ಯಾವ ಹುಡುಗ ಊರಲ್ಲಿರುತ್ತಾನೆ? ನೋಡಿ ಕಲಿಯುವ ವಯಸ್ಸಿನಲ್ಲಿ ಮುಟ್ಟುವಂತಿಲ್ಲ, ಮುಟ್ಟಬಹುದಾದ ವಯಸ್ಸಿನಲ್ಲಿ ನೋಡಲು ಅವನಿಲ್ಲ.

ಗುರಿ ಇದೆ, ಹೊಗೆ ಬೇಡ

ಮೂಡುಬಿದಿರೆಯ ಅಕ್ಕನ ಮಗನಿಗೆ ಈಗ 20. ಅವನಿಗೆ ಗುಂಡು ಹೊಡೆಯುವುದೆಂದರೆ ಪ್ರಾಣ, ಆದರೆ ಅವನ ಕೈಯಲ್ಲಿರುವುದು ಏರ್ ರೈಫಲ್. 4.5 ಮಿ.ಮೀ. ನಳಿಗೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿಕೋವಿಗೆ ಲೈಸೆನ್ಸ್ ಬೇಕಿಲ್ಲ. ಹತ್ತು ಮೀಟರ್ ದೂರದ ಚುಕ್ಕೆಗೆ ದಿನಕ್ಕೆ ನೂರು ಸಲ ಹೊಡೆಯಬಹುದು, ತೊಳೆಯುವ ಗೋಜಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ವಾರ ಅವನು ನನಗೆ ಮೂರು ಸಲ ಫೋನ್ ಮಾಡಿದ್ದ. ಹಾಗಿರುವಾಗ ಹುಡುಗರಿಗೆ ಆಸಕ್ತಿಯಿಲ್ಲ ಎಂದು ಹೇಗೆ ಹೇಳಲಿ?

ಅವನ ಅಜ್ಜನ ಕೇಪಿನ ಕೋವಿ ಅಜ್ಜ ತೀರಿಕೊಂಡ ಮೇಲೆ ವಾರಸುದಾರರಿಲ್ಲದೆ ಸರಕಾರಕ್ಕೆ ಹೋಯಿತು. ಬೇಕಿತ್ತಾ ಎಂದು ಕೇಳಿದ್ದೆ. “ಹೊಡೆಯುವಂತಿಲ್ಲ ಅಂದಮೇಲೆ ಕೋವಿ ಯಾಕೆ ಚಿಕ್ಕಮ್ಮ?” ಎಂದ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿತು. ರಕ್ಷಿತ ಪ್ರಾಣಿಗಳಲ್ಲಿ ನವಿಲು ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ, ಹಂದಿ ಎರಡನೆಯದರಲ್ಲಿ. ನಾನು ಹೊಡೆಯುವುದು ಆಕಾಶಕ್ಕೆ, ಚರೆಯಿಲ್ಲದೆ, ಬರೀ ಮದ್ದು. ಸದ್ದಿಗೆ ಹಂದಿ ಓಡುತ್ತದೆ. ಮೂರನೆಯ ರಾತ್ರಿ ಮತ್ತೆ ಬರುತ್ತದೆ. ಹುಡುಗರು ಇದಕ್ಕೆ ಪಿವಿಸಿ ಪೈಪಿನ ಕಾರ್ಬೈಡ್ ಗನ್ ಮಾಡಿಕೊಂಡಿದ್ದಾರೆ. ಲೈಸೆನ್ಸ್ ಕೇಳುವವರಿಲ್ಲ, ಸದ್ದು ಕೇಪಿನ ಕೋವಿಯಷ್ಟೇ ಜೋರು. ಅದು ಮುಖಕ್ಕೆ ಸಿಡಿದರೆ ಕಣ್ಣು ಹೋಗುತ್ತದೆ ಎಂದು ಎಷ್ಟು ಹೇಳಿದರೂ ನಗುತ್ತಾರೆ.

ಅಕ್ಕನ ಭಯ ಬೇರೆಯದು. 2024ರ ಜನವರಿ 28ರಂದು ವೇಣೂರು ಬಳಿಯ ಕುಕ್ಕೇಡಿಯಲ್ಲಿ ಸುಡುಮದ್ದಿನ ಘಟಕ ಸ್ಫೋಟಿಸಿ ಮೂವರು ಸತ್ತರು. ಆವತ್ತಿನಿಂದ ಅವಳಿಗೆ ‘ಮದ್ದು’ ಎಂಬ ಮಾತು ಮನೆಯಲ್ಲಿ ಕೇಳಬಾರದು. ಕೋವಿಯ ಚಿಟಿಕೆ ಮದ್ದು ಬೇರೆ, ಘಟಕದ ರಾಶಿ ಬೇರೆ ಎಂದು ತಾಯಿಗೆ ಹೇಗೆ ವಿವರಿಸುವುದು?

ಘಟ್ಟದ ಮೇಲಿನ ಕೊಡಗಿನಲ್ಲಿ ಹೀಗಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಅಲ್ಲಿ ಹುಡುಗರಿಗೆ ಕೋವಿಯೆಂದರೆ ಹಬ್ಬ. ಯುರೋಪು ಅಮೆರಿಕಗಳಲ್ಲಿ ಕರಿಮದ್ದು ವಾರಾಂತ್ಯದ ಆಟ. ಅದಕ್ಕೆ 1971ರಿಂದ ಅಂತಾರಾಷ್ಟ್ರೀಯ ಸಮಿತಿಯೇ ಇದೆ. ನಮ್ಮಲ್ಲಿ ಅದು ಹಾರೆ ಕತ್ತಿಯ ಹಾಗೆ ತೋಟದ ಹತ್ಯಾರು. ಹತ್ಯಾರು ಉಳಿಯುವುದು ಆ ಕೆಲಸ ಮಾಡುವವನು ಮನೆಯಲ್ಲಿ ಇರುವವರೆಗೆ.

ಕಳೆದ ಮಳೆಗಾಲದ ಕೊನೆಗೆ ಅಕ್ಕನ ಮಗ ನಮ್ಮಲ್ಲಿಗೆ ಬಂದಿದ್ದ. ಸೋಲಾರ್ ಬೇಲಿಯ ತಂತಿ ಎಳೆದು, ಬ್ಯಾಟರಿ ಪೆಟ್ಟಿಗೆ ಗೋಡೆಗೆ ಬಡಿದು ಕೊಟ್ಟ. ರಾತ್ರಿ ಹನ್ನೊಂದಕ್ಕೆ ನಾಯಿ ಬೊಗಳಿತು. ತೊರೆಯ ಬದಿಗೆ ಬೇಲಿ ಇನ್ನೂ ಮುಗಿದಿರಲಿಲ್ಲ. ನಾನು ದೀಪ ಆರಿಸಿ ಜಗಲಿಯಲ್ಲಿ ಕೂತು ಮದ್ದು ಸುರಿದು ಗಜ ಜಡಿಯತೊಡಗಿದೆ. ಅವಸರದಲ್ಲಿ ಏಳೆಂಟು ಸಲಕ್ಕೇ ನಿಲ್ಲಿಸಿ ಕೇಪಿನ ಡಬ್ಬಿಗೆ ಕೈಹಾಕಿದೆ.

ಒಳಗಿನ ಕೋಣೆಯಿಂದ, ಮುಸುಕು ತೆಗೆಯದೆಯೇ, ಅವನ ದನಿ ಬಂತು. “ಚಿಕ್ಕಮ್ಮ, ಇನ್ನೂ ಕೂತಿಲ್ಲ.”

ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ರಜೆಗೆ ಬಂದಾಗಲೆಲ್ಲ ಆ ಕೋಣೆಯಲ್ಲಿ ಮಲಗಿ ಮಾವನ ಗಜದ ಸದ್ದು ಕೇಳಿದ್ದ, ಅಷ್ಟೆ. ಮತ್ತೆ ನಾಲ್ಕು ಸಲ ಜಡಿದೆ. ‘ಟಣ್’ ಎಂದಿತು. ಬೆಳಗ್ಗೆ ನಾನು ನಳಿಗೆಗೆ ಬಿಸಿನೀರು ಎರೆಯುವಾಗ ಅವನು ಬ್ಯಾಗು ಹೆಗಲಿಗೇರಿಸಿ ಆರೂವರೆಯ ಬಸ್ಸಿಗೆ ಹೊರಟಿದ್ದ.