ಪುಸ್ತಕ ಕನ್ನಡದ್ದಾಗಲಿ, ಕತೆ ಬ್ಯಾರಿಯಲ್ಲಿರಲಿ

"ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಮಗುವಿಗೆ ಪುಸ್ತಕ ತಂದು ನಾನೇನು ಮಾಡ್ಲಿ?" ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವ ಮಾತಿದು. ಆದರೆ ಎರಡು–ಮೂರು ವರ್ಷದ ಮಗುವಿನ ಚಿತ್ರಪುಸ್ತಕಕ್ಕೆ ಓದು ಬರಲೇಬೇಕೆಂದಿಲ್ಲ. ಚಿತ್ರ ನೋಡಿ ನಮ್ಮ ಬಾಯಿಗೆ ಬಂದ ಕತೆ ಹೇಳಿದರಾಯಿತು. ಯಾವ ಭಾಷೆಯಲ್ಲಿ? ಮನೆಯ ಭಾಷೆಯಲ್ಲೇ.

ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದವರಿಗೆ ಇದು ಸಣ್ಣ ವಿಷಯವಲ್ಲ. ಊರಿನಲ್ಲಾದರೆ ಮಗು ಅಂಗಳಕ್ಕಿಳಿದರೆ ಸಾಕು, ಬ್ಯಾರಿ ಕಿವಿಗೆ ಬೀಳುತ್ತದೆ. ಇಲ್ಲಿ ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. ಬ್ಯಾರಿಗೆ ಉಳಿದದ್ದು ಅಡುಗೆಮನೆ ಮತ್ತು ಊರಿಗೆ ಮಾಡುವ ಫೋನು. ಅಲ್ಲೂ ಬಾ, ತಿನ್ನು, ಮಲಗು ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ಹೀಗೆ ಬರೀ ಅಪ್ಪಣೆಗಳು ಉಳಿದ ಭಾಷೆ ಮಗುವಿಗೆ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ.

ಪುಸ್ತಕ ಬಿಡಿಸಿದಾಗ ಅಡುಗೆಮನೆಯಲ್ಲಿ ಇಲ್ಲದ್ದೆಲ್ಲ ಎದುರಿಗೆ ಬರುತ್ತದೆ: ಹೊಳೆ, ದೋಣಿ, ಗಾಳಿಮಳೆ, ಸಂತೆಯಲ್ಲಿ ಕಳೆದುಹೋದ ಮೇಕೆಮರಿ, ಮುನಿಸಿಕೊಂಡ ಆನೆ. ಅವಕ್ಕೆಲ್ಲ ಬ್ಯಾರಿಯಲ್ಲಿ ಏನನ್ನುತ್ತಾರೆ ಎಂದು ಉಮ್ಮನೇ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ನೆನಪಾಗದಿದ್ದರೆ ಊರಿಗೆ ಫೋನ್ ಮಾಡಿ ಕೇಳಬೇಕಾಗುತ್ತದೆ. ಆಗಲಿ, ಒಳ್ಳೆಯದೇ.

ಹೇಳುವುದಕ್ಕಿಂತ ಕೇಳುವುದು ಹೆಚ್ಚಿರಲಿ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆತಾಯಿಗೆ ಕಲಿಸಿದ್ದು ಇದನ್ನೇ: "ಇದು ಬೆಕ್ಕಾ?" ಎಂದು ಕೇಳಬೇಡಿ, "ಬೆಕ್ಕು ಏನು ಮಾಡ್ತಾ ಉಂಟು?" ಎಂದು ಕೇಳಿ. ಮಗು ಒಂದು ಪದ ಹೇಳಿದರೆ ಅದಕ್ಕೆ ಇನ್ನೆರಡು ಸೇರಿಸಿ ತಿರುಗಿ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಮುಂದೆ ಹೋದರು. ಮೊಬೈಲ್ ಕೈಗಿಟ್ಟರೆ ಮಗು ಸುಮ್ಮನಾಗುತ್ತದೆ ನಿಜ. ನಮಗೆ ಬೇಕಾದದ್ದು ಸುಮ್ಮನಿರುವ ಮಗು ಅಲ್ಲವಲ್ಲ!

ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಬೇಸರ ಮಾಡಬೇಡಿ. ಹಾಳೆ ಹರಿದರೆ ಅಂಟಿಸಿ. ಕಪಾಟಿನೊಳಗೆ ಭದ್ರವಾಗಿಟ್ಟ ಪುಸ್ತಕ ಮಗುವಿನದ್ದಲ್ಲ, ಕಪಾಟಿನದ್ದು.

ಓದುಬರಹದ ಅವಕಾಶ ಸಿಗದವರಿಗೆ ಪುಸ್ತಕದ ಬೆಲೆ ತಿಳಿಯದೆಂದು ಭಾವಿಸುವವರು ನಮ್ಮದೇ ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರನ್ನು ನೆನೆಯಬೇಕು. ವಿದ್ಯೆಯಿಂದ ವಂಚಿತರಾದ ಈ ಕೂಲಿ ಕಾರ್ಮಿಕರು ಅಲ್ಲಿ ಸಾರ್ವಜನಿಕ ಗ್ರಂಥಾಲಯ ಕಟ್ಟಿ ಸುಮಾರು 11,000 ಪುಸ್ತಕ ಸೇರಿಸಿದ್ದರು, ಹೆಚ್ಚಿನವು ಕನ್ನಡದವು. 2021ರ ಏಪ್ರಿಲ್ 9ರಂದು ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟುತ್ತೇನೆಂದು ಅವರು ನಿಂತರು. ನಾಡಿನ ಎಲ್ಲ ಕಡೆಯಿಂದ ಹಣ, ಪುಸ್ತಕ ಹರಿದುಬಂತು. ಅಂಥ ಊರಿನಲ್ಲಿದ್ದು ನಮ್ಮ ಮನೆಯಲ್ಲಿ ಹತ್ತು ಪುಸ್ತಕ ಇಲ್ಲವೆಂದರೆ ಹೇಗೆ?

ದುಡ್ಡಿನ ಚಿಂತೆಯೂ ಅಷ್ಟಿಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಪುಸ್ತಕಗಳು ಕಡಿಮೆ ಬೆಲೆಗೆ ಕನ್ನಡದಲ್ಲಿ ಸಿಗುತ್ತವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಂತೂ ಎಲ್ಲ ಉಚಿತ. ಮಗುವಿನ ಬಾಪ ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದರೆ ಅಲ್ಲಿ ಅವರು ಅದೇ ಪುಸ್ತಕ ತೆರೆಯಲಿ, ಇಲ್ಲಿ ಮಗು ತೆರೆಯಲಿ. "ತಿಂದ್ಯಾ? ಶಾಲೆಗೆ ಹೋದ್ಯಾ?" ಎಂಬಲ್ಲಿಗೆ ಮುಗಿಯುವ ವಿಡಿಯೋ ಕಾಲಿಗೆ ಆಗ ಮಾತು ಸಿಗುತ್ತದೆ. ಅಲ್ಲಿನ ಕತೆಗಳನ್ನು ಯಾರು ಬೇಕಾದರೂ ಅನುವಾದಿಸಿ ಮುದ್ರಿಸಿಕೊಳ್ಳಬಹುದು, ಅದಕ್ಕೆ ಅನುಮತಿ ಇದೆ. ಬ್ಯಾರಿಗೆ ಏಕೆ ಆಗಬಾರದು?

ಅಷ್ಟು ದೂರ ಹೋಗಲಾಗದವರು ಒಂದು ಪೆನ್ಸಿಲ್ ಹಿಡಿಯಿರಿ. ಬ್ಯಾರಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು ನಮಗೆ ಹೊಸತಲ್ಲ. ನೀವು ಹೇಳಿದ ಕತೆಯನ್ನು ಪ್ರತಿ ಚಿತ್ರದ ಕೆಳಗೆ ಒಂದೊಂದು ಸಾಲು ಬರೆದಿಡಿ. ನಿಮ್ಮ ಮಗು ದೊಡ್ಡದಾದ ಮೇಲೆ ಆ ಪುಸ್ತಕ ತಂಗಿಯ ಮನೆಗೋ ಭಾವನ ಮನೆಗೋ ಹೋಗಲಿ, ಪೆನ್ಸಿಲಿನ ಸಾಲುಗಳ ಸಮೇತ.